ಎಂಟು ಮೋಟಾರಿನ ಪೂಜೆ

ಸರ್ವೋ ಮೋಟಾರಿನಷ್ಟು ಹಟಮಾರಿ ಸಾಮಾನು ಇನ್ನೊಂದಿಲ್ಲ ಎಂದು ತುಳಸಿ ಹೇಳುತ್ತಿದ್ದಳು. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಕರಿ ಡಬ್ಬಿ, ತಲೆಯ ಮೇಲೆ ಸುತ್ತಲೂ ಹಲ್ಲಿರುವ ಗಿಡ್ಡ ಶಾಫ್ಟು, ಹಿಂದೆ ಮೂರು ವೈರು. ಮಿಕ್ಕ ಮೋಟಾರುಗಳ ಹಾಗೆ ಗರಗರ ಸುತ್ತುವ ಜಾತಿ ಇದಲ್ಲ. ಈ ಕಡೆಗೊಂದು ಗಡಿ, ಆ ಕಡೆಗೊಂದು ಗಡಿ, ಅಷ್ಟರೊಳಗೆ ನಾವು ಹೇಳಿದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ನಿಂತ ಮೇಲೆ, ಕರೆಂಟು ಇರುವಷ್ಟು ಹೊತ್ತು, ಜಪ್ಪಯ್ಯ ಎಂದರೂ ಕದಲುವುದಿಲ್ಲ; ಕರೆಂಟು ತೆಗೆದರೆ ಮಾತ್ರ ಕೈಯಿಂದಲೂ ತಿರುಗುತ್ತದೆ. ಆದ್ದರಿಂದ ರೋಬೋಟಿಗೆ ಕಾಲು ಜೋಡಿಸುವ ಮೊದಲು ಇದಕ್ಕೆ ಕರೆಂಟು ಕೊಟ್ಟು, ಸರ್ಕ್ಯೂಟ್ ಬೋರ್ಡಿನಿಂದ ಸಿಗ್ನಲ್ ಕಳಿಸಿ, ಶಾಫ್ಟನ್ನು ಎರಡು ಗಡಿಗಳ ನಟ್ಟನಡುವೆ ತಂದು ನಿಲ್ಲಿಸಬೇಕು. ಆಮೇಲೆ ಅದರ ಹಲ್ಲಿನ ಮೇಲೆ ಹಾರ್ನ್ ಕೂರಿಸಬೇಕು. ಅದಿರು ಲಾರಿಗಳು ಊರಿನ ಕಿವಿ ಹರಿಯುತ್ತಿದ್ದವಲ್ಲ, ಆ ಹಾರ್ನ್ ಅಲ್ಲ. ಇದು ಕಾಲನ್ನು ಹಿಡಿದುಕೊಳ್ಳುವ ಕರಿ ಪ್ಲಾಸ್ಟಿಕ್ ಪಟ್ಟಿ. ಈ ಕೆಲಸಕ್ಕೆ ಸೆಂಟರ್ ಮಾಡುವುದು ಎನ್ನುತ್ತಾರೆ. ಮಾಡದೆ ಜೋಡಿಸಿದರೆ, ಸ್ವಿಚ್ ಒತ್ತಿದ ಕೂಡಲೇ ಮೋಟಾರು ತನ್ನ ನಡುವನ್ನು ಹುಡುಕಿಕೊಂಡು ಹೊರಡುತ್ತದೆ, ಕಾಲು ಹೋಗಿ ಹೊಟ್ಟೆಗೆ ಬಡಿಯುತ್ತದೆ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರುತ್ತವೆ.

ಇದೆಲ್ಲ ಶಾಂಭವಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎಂಬುದೇ ಈಗ ಆಕೆಯನ್ನು ಸುಡುವ ಸಂಗತಿ.

ಇಬ್ಬರೂ ಹೊಸಪೇಟೆಯಲ್ಲಿ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದರು. ಗಣಿಯ ಭರಾಟೆ ಜೋರಿದ್ದ ಕಾಲ. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನಿಂದ ಇಳಿಯುತ್ತಿದ್ದರು, ಕಾಲೇಜಿನ ಕಿಟಕಿಗಳ ಮೇಲೆ ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು ಧೂಳು. ಶಾಂಭವಿ ಕಂಪ್ಲಿಯ ಅಕ್ಕಿ ಗಿರಣಿ ಜಡೆಪ್ಪನವರ ಒಬ್ಬಳೇ ಮಗಳು, ಹಾಸ್ಟೆಲಿನಲ್ಲಿದ್ದಳು. ತುಳಸಿಯ ಅಪ್ಪ ಉಚ್ಚೆಂಗಪ್ಪ ಸಂಡೂರಿನ ಕಡೆ ಒಂದು ಗಣಿಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ, ಆಕೆ ಪಕ್ಕದ ಟಿ.ಬಿ. ಡ್ಯಾಮ್ ಕಾಲೊನಿಯಲ್ಲಿ ಸೋದರಮಾವನ ಕ್ವಾರ್ಟರ್ಸಿನಲ್ಲಿದ್ದು ಓದುತ್ತಿದ್ದಳು. ಮೊದಲ ವರ್ಷದಿಂದ ಇಬ್ಬರದೂ ಒಂದೇ ಬೆಂಚು, ಒಂದೇ ಬುತ್ತಿ. ಒಬ್ಬಳು ಕಾಣದಿದ್ದರೆ ಮೇಷ್ಟ್ರುಗಳು ಇನ್ನೊಬ್ಬಳನ್ನು ಕೇಳುತ್ತಿದ್ದರು.

ದಸರಾ ರಜೆ ಮುಗಿದ ಕೂಡಲೇ ಕಾಲೇಜಿನಲ್ಲಿ ರೋಬೋಟ್ ಸ್ಪರ್ಧೆ ನಡೆಯುತ್ತದೆ ಎಂದು ರಜೆಗೆ ಮೊದಲೇ ಘೋಷಣೆಯಾಯಿತು. ಅದಿರಿನ ಕಲ್ಲು ಹರಡಿದ ಒಂದು ದೊಡ್ಡ ತಟ್ಟೆಯನ್ನು ರೋಬೋಟು ದಾಟಬೇಕು. ದುಡ್ಡಿದ್ದವರ ಮಕ್ಕಳು ಬೆಂಗಳೂರಿನಿಂದ ಗಾಲಿಯ ಕಿಟ್ಟು ತರಿಸಿದರು. ಇವರಿಬ್ಬರೂ ನಾಲ್ಕು ಕಾಲಿನ ಒಂದು ಆಮೆ ಮಾಡಲು ಹೊರಟರು: ಕಾಲಿಗೆ ಎರಡರಂತೆ ಎಂಟು ಮೋಟಾರು. ಶಾಂಭವಿಗೆ ಅದು ಆಟ. ತುಳಸಿಗೆ ಆಟವಾಗಿರಲಿಲ್ಲ. ಬರುವ ಜೂನಿಗೆ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಹುದ್ದೆಯೊಂದು ಖಾಲಿಯಾಗುವುದಿತ್ತು, ಕೈ ಚೊಕ್ಕ ಇದ್ದವರನ್ನು ತೆಗೆದುಕೊಳ್ಳುತ್ತೇನೆ, ಈ ಸ್ಪರ್ಧೆಯಲ್ಲಿ ನೋಡುತ್ತೇನೆ ಎಂದು ಲ್ಯಾಬಿನ ಅಂದಾನಪ್ಪ ಸರ್ ಆಕೆಗೆ ಬಾಯಿಬಿಟ್ಟೇ ಹೇಳಿದ್ದರು. ಆ ಕೆಲಸ ಸಿಕ್ಕರೆ ಹೊಸಪೇಟೆಯಲ್ಲೇ ಇರಬಹುದು, ಸಂಜೆ ಹೊತ್ತು ಮುಂದೆ ಓದಬಹುದು. ಸಿಗದಿದ್ದರೆ ಅಪ್ಪ ಹೇಳಿದ ಕಡೆ ಹೋಗಬೇಕು. ಇದು ಶಾಂಭವಿಗೆ ಗೊತ್ತಿಲ್ಲದ ವಿಷಯವೇನಲ್ಲ. ನಿನಗೇ ಸಿಗುತ್ತೆ, ನಿನ್ನ ಬಿಟ್ಟು ಇನ್ಯಾರಿಗೆ ಸಿಗುತ್ತೆ ಎಂದು ದಿನಕ್ಕೊಮ್ಮೆ ಹೇಳಿದವಳೇ ಆಕೆ.

ಕೆಲಸ ಹಂಚಿಕೊಂಡರು. ಬೋರ್ಡು ಲ್ಯಾಬಿನಲ್ಲಿ ಇದ್ದದ್ದರಿಂದ ಎಂಟೂ ಮೋಟಾರನ್ನು ಸೆಂಟರ್ ಮಾಡಿ ಹಾರ್ನ್ ಕೂರಿಸಿ ಕೊಡುವುದು ತುಳಸಿಯ ಪಾಲು. ರಜೆಗೆ ಊರಿಗೆ ಒಯ್ದು, ಗಿರಣಿಯ ಫಿಟ್ಟರನ ಕೈಯಲ್ಲಿ ಅಲ್ಯೂಮಿನಿಯಂ ಕಾಲುಗಳನ್ನು ಕತ್ತರಿಸಿಕೊಂಡು, ಹಾರ್ನಿಗೆ ಸ್ಕ್ರೂ ಬಿಗಿದು ಜೋಡಿಸಿಕೊಂಡು ಬರುವುದು ಶಾಂಭವಿಯ ಪಾಲು. ತುಳಸಿ ಒಂದೊಂದು ಮೋಟಾರನ್ನೂ ಕಿವಿಯ ಹತ್ತಿರ ಹಿಡಿದು, ಅದರ ಗುಂಯ್ ಸದ್ದು ನಿಂತ ಮೇಲೆಯೇ ಹಾರ್ನ್ ಒತ್ತಿದಳು. ಹಾರ್ನಿನಿಂದ ಡಬ್ಬಿಯವರೆಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯುತ್ತೇನೆ, ಯಾರ ಕೈ ತಗುಲಿ ಹಾರ್ನ್ ಕಳಚಿದರೂ ಗೊತ್ತಾಗುತ್ತದೆ ಎಂದಳು. ಹೊಸ ಸಾಮಾನು, ನೋಡಲು ಅಸಹ್ಯ ಕಾಣುತ್ತದೆ, ಯಾರು ಕಳಚುತ್ತಾರೆ ಎಂದು ಶಾಂಭವಿ ಬಾಟಲಿ ಕಸಿದುಕೊಂಡು ತನ್ನ ಉಗುರಿಗೆ ಹಚ್ಚಿಕೊಂಡಳು. ಇಬ್ಬರೂ ನಕ್ಕರು. ಮೋಟಾರುಗಳನ್ನು ಮಿಠಾಯಿ ಡಬ್ಬಿಯಲ್ಲಿ ಸಾಲಾಗಿ ಇಟ್ಟು ಕೊಡುವಾಗ ತುಳಸಿ ಮತ್ತೊಮ್ಮೆ ಹೇಳಿದಳು.

“ಹಾರ್ನ್ ಮಾತ್ರ ಕೀಳಬ್ಯಾಡಲೇ. ಕಿತ್ತು ಹಾಕಿದ್ರ ನಾ ಮಾಡಿದ್ದೆಲ್ಲ ಹೊಳ್ಯಾಗ ಹೋದಂಗ.”

ಕಂಪ್ಲಿಯಲ್ಲಿ ಆಯುಧ ಪೂಜೆ ಎಂದರೆ ಜಡೆಪ್ಪನವರ ಗಿರಣಿಯನ್ನೇ ನೋಡಬೇಕು. ಬೇರೆಯವರು ಮಷಿನ್ನಿನ ಮೈಮೇಲೆ ಮೂರು ಬೆರಳು ವಿಭೂತಿ ಎಳೆದು, ಕುಂಬಳಕಾಯಿ ಒಡೆದು ಮುಗಿಸುತ್ತಾರೆ. ಅದು ಮನುಷ್ಯನನ್ನು ಬಿಟ್ಟು ಅವನ ಅಂಗಿಗೆ ವಿಭೂತಿ ಹಚ್ಚಿದ ಹಾಗೆ ಎಂದು ಶಾಂಭವಿಯ ಅಜ್ಜ ಹೇಳುತ್ತಿದ್ದನಂತೆ. ಅವನ ಕಾಲದಿಂದ ಆ ಮನೆಯಲ್ಲಿ ಬೇರೆಯೇ ಪದ್ಧತಿ. ಬೆಲ್ಟು ಇಳಿಸಿ, ಪ್ರತಿ ಮೋಟಾರಿನ ಶಾಫ್ಟಿನ ಮೇಲೆ ಕೂತ ಪುಲ್ಲಿ ಗಾಲಿ ಕಳಚಿ, ಶಾಫ್ಟನ್ನು ಬಟ್ಟೆಯಿಂದ ಒರೆಸಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಬರಿಯ ಶಾಫ್ಟಿಗೇ ವಿಭೂತಿ ಕುಂಕುಮ ಹಚ್ಚಿ, ಪುಲ್ಲಿಯನ್ನು ಮತ್ತೆ ನೆಟ್ಟಗೆ ಕೂರಿಸುವುದು. ಯಜಮಾನನೇ ಮಾಡಬೇಕು, ಆಳುಗಳ ಕೈಗೆ ಕೊಡುವ ಹಾಗಿಲ್ಲ. ಮೊಣಕಾಲು ನೋವಿನ ಜಡೆಪ್ಪ ವರ್ಷವಿಡೀ ಕುರ್ಚಿ ಬಿಟ್ಟು ಏಳದಿದ್ದರೂ ಅವತ್ತು ಮಾತ್ರ ಬೆಳಗಿನಿಂದ ಉಪವಾಸವಿದ್ದು ನೆಲಕ್ಕೆ ಕೂತು ಇಷ್ಟನ್ನೂ ಮಾಡುತ್ತಿದ್ದರು. ಚಿಕ್ಕಂದಿನಿಂದ ಶಾಂಭವಿ ಪಕ್ಕದಲ್ಲಿ ವಿಭೂತಿ ತಟ್ಟೆ ಹಿಡಿದು ನಿಂತವಳು.

ಆ ವರ್ಷ ನಿಲ್ಲಲಿಲ್ಲ. ದೊಡ್ಡಮ್ಮನ ಮಕ್ಕಳು ಬಂದಿದ್ದರು, ಅವರ ಜೊತೆ ಹೊಳೆಯ ಕಡೆ ಹೋಗಿದ್ದಳು. ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಮಿಠಾಯಿ ಡಬ್ಬಿ ದೇವರ ಮುಂದಿತ್ತು, ಎಂಟೂ ಮೋಟಾರಿನ ಮೈಗೆ ಒಂದೊಂದು ಕುಂಕುಮದ ಬೊಟ್ಟು, ಒಂದೊಂದು ಸೇವಂತಿಗೆ ಎಸಳು. ನಿನ್ನ ಸಾಮಾನಿಗೂ ಪೂಜೆ ಆಯಿತು ಎಂದು ಅಪ್ಪ ಹಿಗ್ಗಿನಿಂದ ಹೇಳಿದರು. ಆಕೆ ನಕ್ಕು, ಮರುದಿನ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಾರ್ನುಗಳು ನೆಟ್ಟಗೇ ಇವೆಯಲ್ಲ ಎಂದು ಸ್ಕ್ರೂ ಬಿಗಿದು ಕಾಲು ಜೋಡಿಸಿದಳು. ಅಪ್ಪ ಏನು ಪೂಜೆ ಮಾಡಿದರು, ಹೇಗೆ ಮಾಡಿದರು ಎಂದು ಕೇಳಲಿಲ್ಲ. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಬೆಳೆದವಳಿಗೆ ಕೇಳುವ ಅಗತ್ಯವೂ ಇರಬಾರದಿತ್ತು.

ಸ್ಪರ್ಧೆಯ ಹಿಂದಿನ ದಿನ ಬೆಳಿಗ್ಗೆಯೇ ಹೊಸಪೇಟೆಗೆ ಬಂದು, ಬೋರ್ಡಿಗೆ ಜೋಡಿಸಿ, ದಿನಪೂರ್ತಿ ನಡೆಸಿ ನೋಡುವುದೆಂದು ಮಾತಾಗಿತ್ತು. ಆದರೆ ಬನ್ನಿ ಕೊಡಲು ಇನ್ನೂ ಎರಡು ಮನೆಗಳಿದ್ದವು, ಹೋಳಿಗೆ ಊಟವಿತ್ತು, ದೊಡ್ಡಮ್ಮನ ಮಕ್ಕಳು ಬಿಡಲಿಲ್ಲ. ನಾಳೆ ಬೆಳಿಗ್ಗೆ ಅಪ್ಪನ ಜೀಪಿನಲ್ಲೇ ಬಂದುಬಿಡುತ್ತೇನೆ ಎಂದು ಶಾಂಭವಿ ಫೋನ್ ಮಾಡಿದಳು. ತುಳಸಿ ಆಗಲೇ ಲ್ಯಾಬಿನಲ್ಲಿದ್ದಳು. ಆಯಿತು ಎಂದಳು, ಅಷ್ಟೇ. ಅವತ್ತು ಸಂಜೆಯವರೆಗೂ ಆಕೆ ಖಾಲಿ ಬೋರ್ಡಿನ ಮುಂದೆ ಕೂತಿದ್ದಳೆಂದು ಆಮೇಲೆ ಯಾರೋ ಹೇಳಿದರು.

ಮರುದಿನ ಊರ ಹೊರಗೆ ಅದಿರು ಲಾರಿಗಳ ಸಾಲಿನಲ್ಲಿ ಜೀಪು ಸಿಕ್ಕಿಬಿದ್ದು, ಇವರು ಸಭಾಂಗಣಕ್ಕೆ ಬಂದಾಗ ಅರ್ಧ ತಂಡಗಳ ಸರದಿ ಮುಗಿದಿತ್ತು. ಜಡೆಪ್ಪ ಇಸ್ತ್ರಿಯ ಬಿಳಿ ಧೋತ್ರ ಉಟ್ಟು, ಗಿರಣಿಯ ಇಬ್ಬರು ಆಳುಗಳನ್ನೂ ಕರೆತಂದು, ಮುಂದಿನ ಸಾಲಿನಲ್ಲಿ ಕೂತರು. ತುಳಸಿ ಎದುರಿಗೆ ಬಂದಾಗ ಚೆನ್ನಾಗಿದ್ದೀಯಾ ತಾಯಿ ಎಂದು ತಲೆ ಸವರಿದರು. ಹೋದ ಬೇಸಿಗೆಯಲ್ಲಿ ಆಕೆ ಕಂಪ್ಲಿಗೆ ಬಂದಾಗ ಇಡೀ ಗಿರಣಿ ತೋರಿಸಿ, ಹೊರಡುವಾಗ ಮಡಿಲು ತುಂಬಿಸಿ ಕಳಿಸಿದ್ದರು. ಆಮೇಲೆ ಪಕ್ಕದಲ್ಲಿದ್ದ ಅಪರಿಚಿತರ ಕಡೆ ತಿರುಗಿ, ಇದು ನಮ್ಮ ಹುಡುಗಿಯರದು, ಒಂದೊಂದು ಮೋಟಾರಿಗೂ ನಾನೇ ಕೈಯಾರೆ ಪೂಜೆ ಮಾಡಿದ್ದೇನೆ, ನಡೆದೇ ನಡೆಯುತ್ತದೆ ಎಂದು ಎರಡು ಸಾಲಿಗೆ ಕೇಳುವಂತೆ ಹೇಳುತ್ತಿದ್ದರು.

ತುಳಸಿ ಬೇಗ ಬೇಗ ವೈರು ಸಿಕ್ಕಿಸಿದಳು. ಒಂದೊಂದೇ ಕಾಲಿಗೆ ಕರೆಂಟು ಕೊಟ್ಟು ನೋಡೋಣ ಎಂದಳು. ಅಷ್ಟರಲ್ಲಿ ಮೈಕಿನಲ್ಲಿ ಇವರ ಹೆಸರು ಕೂಗಿದರು. ಹೊತ್ತಿಲ್ಲ, ನೀನು ಸೆಂಟರ್ ಮಾಡಿದ ಮೇಲೆ ಇನ್ನೇನು ನೋಡುವುದು ಎಂದು ಶಾಂಭವಿ ಆಮೆಯನ್ನು ಎತ್ತಿಕೊಂಡು ನಡೆದೇಬಿಟ್ಟಳು.

ಸ್ವಿಚ್ ಒತ್ತಿದಳು. ಆಮೆ ಏಳಲಿಲ್ಲ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ತಿರುಚಿಕೊಂಡು ಹೊಟ್ಟೆಗೆ ಬಡಿದವು. ಕರಕರ ಎಂದು ಹಲ್ಲು ಮುರಿಯುವ ಸದ್ದು ಮೈಕಿನಲ್ಲೂ ಕೇಳಿಸಿತು. ಆಮೆ ಒಂದು ಪಕ್ಕಕ್ಕೆ ಉರುಳಿ, ಒಂದು ಕಾಲನ್ನು ಗಾಳಿಯಲ್ಲಿ ಅದುರಿಸುತ್ತಾ ಬಿದ್ದುಕೊಂಡಿತು. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು, ಇಡೀ ಸಭೆ ನಕ್ಕಿತು.

ಅಂದಾನಪ್ಪ ಸರ್ ಮೇಜಿನ ಹತ್ತಿರ ಬಂದು, ನಡುವಿಗೆ ತರದೆ ಹಾರ್ನ್ ಹಾಕಿದ ಹಾಗಿದೆಯಲ್ಲ, ಯಾರು ಮಾಡಿದ್ದು ಎಂದು ಕೇಳಿದರು. ಶಾಂಭವಿಯ ಮುಖ ಕೆಂಪಾಗಿತ್ತು. ಅಪ್ಪನ ಮುಂದೆ, ಗಿರಣಿಯ ಆಳುಗಳ ಮುಂದೆ, ಇಷ್ಟು ಜನರ ಮುಂದೆ ಮಾನ ಹೋಯಿತು ಎಂಬುದೊಂದೇ ಆಕೆಯ ತಲೆಯಲ್ಲಿತ್ತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

“ಸೆಂಟರ್ ಮಾಡೋ ಕೆಲ್ಸ ಆಕೀದು ಸರ್. ನಾ ಬರೇ ಸ್ಕ್ರೂ ಹಾಕೀನಿ.”

ತುಳಸಿ ಒಂದು ಕ್ಷಣ ಆಕೆಯನ್ನೇ ನೋಡಿದಳು. ಆಮೇಲೆ ಸ್ಕ್ರೂ ಡ್ರೈವರ್ ತೆಗೆದುಕೊಂಡು, ಒಂದು ಕಾಲಿನ ಸ್ಕ್ರೂ ಬಿಚ್ಚಿ, ಹಾರ್ನ್ ಎತ್ತಿ, ಅದರ ಒಳಗೆ ನೋಡಿದಳು. ಶಾಫ್ಟನ್ನು ನೋಡಿದಳು. ತಲೆ ಎತ್ತಿ ಮುಂದಿನ ಸಾಲಿನ ಕಡೆ ನೋಡಿದಳು. ಜಡೆಪ್ಪ ಕುರ್ಚಿಯ ತುದಿಗೆ ಬಂದು, ಏನಾಯಿತೆಂದು ತಿಳಿಯದೆ ಕಂಗಾಲಾಗಿ ಇವರನ್ನೇ ನೋಡುತ್ತಿದ್ದರು. ತುಳಸಿ ಹಾರ್ನನ್ನೂ ಶಾಫ್ಟನ್ನೂ ದುಪಟ್ಟಾದ ತುದಿಯಿಂದ ಒರೆಸಿ, ಮತ್ತೆ ಕೂರಿಸಿ, ಕೆಳಗಿಟ್ಟಳು.

“ಹೌದ್ರಿ ಸರ್. ತಪ್ಪು ನಂದೇ.”

ಅಂದಾನಪ್ಪ ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೀಗಂದುಕೊಂಡಿರಲಿಲ್ಲವಮ್ಮ ನಾನು ಎಂದಷ್ಟೇ ಹೇಳಿ ತಮ್ಮ ಜಾಗಕ್ಕೆ ಹೋದರು.

ಆವತ್ತಿನಿಂದ ಮಾತು ನಿಂತಿತು. ತಪ್ಪು ಮಾಡಿದವಳು ತಾನಾಗಿ ಬಂದು ಮಾತಾಡಿಸಲಿ ಎಂದು ಶಾಂಭವಿ ಬಿಗುಮಾನದಿಂದಲೇ ಇದ್ದಳು. ತುಳಸಿ ಬೇರೆ ಬೆಂಚಿಗೆ ಹೋದಳು, ತಲೆ ತಗ್ಗಿಸಿ ಓದಿದಳು, ಪರೀಕ್ಷೆ ಬರೆದಳು, ಯಾರಿಗೂ ಹೇಳದೆ ಊರಿಗೆ ಹೋದಳು. ಜೂನಿನಲ್ಲಿ ಲ್ಯಾಬಿನ ಕೆಲಸ ಮರಿಯಮ್ಮನಹಳ್ಳಿ ಕಡೆಯ ಒಬ್ಬ ಹುಡುಗನಿಗೆ ಆಯಿತು.

ಅದೇ ವಾರ, ಟಿಸಿ ತೆಗೆದುಕೊಳ್ಳುವ ಮೊದಲು ಲ್ಯಾಬಿನ ಸಾಮಾನು ಒಪ್ಪಿಸಬೇಕೆಂದು ಶಾಂಭವಿ ಮಂಚದ ಕೆಳಗಿಂದ ಆ ಆಮೆಯನ್ನು ಎಳೆದಳು. ಎಂಟು ತಿಂಗಳ ಧೂಳು ಕೂತಿತ್ತು. ಕಾಲು ಬಿಚ್ಚುತ್ತಾ ಮೊದಲ ಹಾರ್ನ್ ಕಿತ್ತಾಗ ಒಳಗೆ ಬೆಳ್ಳಗೆ ಏನೋ ಕಂಡಿತು. ಪ್ಲಾಸ್ಟಿಕ್ ಪುಡಿ ಇರಬೇಕೆಂದು ಊದಿದಳು, ಹೋಗಲಿಲ್ಲ. ಶಾಫ್ಟಿನ ಹಲ್ಲುಗಳ ಸಂದಿಯಲ್ಲೂ ಅದೇ ಬಿಳುಪು, ನಡುವೆ ಒಂದು ಕೆಂಪು ಚುಕ್ಕೆ. ಉಗುರಿನಿಂದ ಕೆರೆದು ಮೂಗಿನ ಹತ್ತಿರ ತಂದಳು. ವಿಭೂತಿ.

ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ಉಳಿದವನ್ನೂ ಒಂದೊಂದಾಗಿ ಬಿಚ್ಚಿದಳು. ಅಪ್ಪ ಹೇಗೆ ಮಾಡಿರಬೇಕೆಂದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು: ನೋಯುವ ಮೊಣಕಾಲು ಮಡಿಸಿ ಕೂತು, ಕನ್ನಡಕ ಏರಿಸಿ, ಈ ಹಾರ್ನುಗಳನ್ನು ಪುಟ್ಟ ಪುಲ್ಲಿಗಳೆಂದೇ ತಿಳಿದು ಒಂದೊಂದಾಗಿ ಕಿತ್ತು, ಶಾಫ್ಟನ್ನು ತಿರುಗಿದಷ್ಟು ತಿರುಗಿಸಿ, ಉಂಗುರ ಬೆರಳಿನಿಂದ ವಿಭೂತಿ ಹಚ್ಚಿ, ಮತ್ತೆ ಅಷ್ಟೇ ನೆಟ್ಟಗೆ ಒತ್ತಿ ಇಟ್ಟಿದ್ದಾರೆ. ಮಗಳ ಕೆಲಸ ಕೈಗೂಡಲಿ ಎಂದು ಮಾಡಿದ್ದಾರೆ. ಈ ಮೋಟಾರಿನ ಒಳಗೆ ಒಂದು ನಡು ಇದೆ, ಹೊರಗಿನಿಂದ ಅದು ಕಾಣುವುದಿಲ್ಲ ಎಂದು ಅವರಿಗೆ ಹೇಳಿದವರು ಯಾರು?

ಎಂಟರಲ್ಲಿ ಒಂದು ಮಾತ್ರ ಸ್ವಚ್ಛವಾಗಿತ್ತು. ಅದು ಯಾವುದೆಂದು ಶಾಂಭವಿಗೆ ತಕ್ಷಣ ಗೊತ್ತಾಯಿತು. ಸಭೆಯ ಮುಂದೆ ತುಳಸಿ ಬಿಚ್ಚಿ, ಅಪ್ಪನ ಕಡೆ ನೋಡಿ, ದುಪಟ್ಟಾದಿಂದ ಒರೆಸಿದ್ದು ಅದೇ. ನೋಡಿದ ಕೂಡಲೇ ಆಕೆಗೆ ತಿಳಿದಿತ್ತು. ತಿಳಿದೂ ತಪ್ಪು ನಂದೇ ಎಂದಿದ್ದಳು. ಆ ಹೊತ್ತಿನಲ್ಲಿ ಹಾರ್ನ್ ಎತ್ತಿ ತೋರಿಸಿದ್ದರೆ ಸಾಕಿತ್ತು, ಹುದ್ದೆ ಆಕೆಗೆ ಉಳಿಯುತ್ತಿತ್ತು, ಇಡೀ ಸಭೆ ಬಿಳಿ ಧೋತ್ರದ ಮುದುಕನ ಕಡೆ ತಿರುಗಿ ನಗುತ್ತಿತ್ತು. ಶಾಂಭವಿ ಮೋಟಾರುಗಳನ್ನು ಮಡಿಲಲ್ಲಿಟ್ಟುಕೊಂಡು ಹಾಸ್ಟೆಲಿನ ನೆಲದ ಮೇಲೆ ಕೂತು ಅತ್ತಳು. ನಾಚಿಕೆಯಿಂದ ಅತ್ತಳು.

ಮರುದಿನ ಸಂಡೂರಿನ ಬಸ್ಸು ಹತ್ತಿದಳು. ತುಳಸಿ ಊರ ಹೊರಗೆ ಲಾರಿ ತೂಗುವ ಒಂದು ವೇ ಬ್ರಿಡ್ಜಿನಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಉಚ್ಚೆಂಗಪ್ಪನ ಮನೆಯಲ್ಲಿ ಹೇಳಿದರು. ತಗಡಿನ ಸಣ್ಣ ಕೋಣೆ, ಒಳಗೊಂದು ಕಂಪ್ಯೂಟರು, ಹೊರಗೆ ತೂಕಕ್ಕೆ ನಿಂತ ಲಾರಿಗಳು. ರಸ್ತೆ, ಗಿಡ, ನಾಯಿ, ಎಲ್ಲವೂ ಕೆಂಪು. ತುಳಸಿ ಮೂಗಿಗೆ ಅದೇ ದುಪಟ್ಟಾ ಕಟ್ಟಿಕೊಂಡು ತೂಕದ ಚೀಟಿ ಹರಿದು ಕೊಡುತ್ತಿದ್ದಳು. ಶಾಂಭವಿಯನ್ನು ಕಂಡು ಎದ್ದು, ಸ್ಟೂಲು ಒರೆಸಿ ಕೂರಿಸಿ, ಕುಡಿಯಲು ನೀರು ಕೊಟ್ಟಳು. ಸಿಟ್ಟು ಮಾಡಿದ್ದರೆ ಶಾಂಭವಿಗೆ ಸುಲಭವಾಗುತ್ತಿತ್ತು.

ಎಲ್ಲ ಹೇಳಿ ಮುಗಿಸಿದ ಮೇಲೆ, ಈಗಲೇ ಹೋಗಿ ಅಂದಾನಪ್ಪ ಸರ್‌ಗೆ ತಿಳಿಸುತ್ತೇನೆ, ಅಪ್ಪನಿಗೂ ತಿಳಿಸುತ್ತೇನೆ ಎಂದಳು.

“ಲ್ಯಾಬಿನ ಕೆಲ್ಸ ತುಂಬಿ ಹೋಗೇತಿ. ಈಗ ಹೇಳಿದ್ರ ನಿಮ್ಮ ಅಪ್ಪಾಜಿಗೆ ನೋವು, ನನಗೇನೂ ಬರಂಗಿಲ್ಲ” ಎಂದಳು ತುಳಸಿ. ಹೊರಗೆ ಒಂದು ಲಾರಿ ಹಾರ್ನ್ ಬಾರಿಸಿತು. ಆಕೆ ಎದ್ದು ತೂಕ ನೋಡಿ, ಚೀಟಿ ಕೊಟ್ಟು, ಮತ್ತೆ ಬಂದು ಕೂತಳು.

“ಮೋಟಾರ್ ಮುರಿದದ್ದು ದೊಡ್ಡದಲ್ಲ ಶಾಂಭವಿ. ನೀ ನನ್ನ ಕೇಳಬೇಕಿತ್ತು. ಸೆಂಟರ್ ಮಾಡಿದ್ದೇನಲೇ ತುಳಸಿ ಅಂತ, ನನ್ನ ಮಾರಿ ನೋಡಿ ಒಂದ್ಸಲ ಕೇಳಿದ್ರ ಸಾಕಿತ್ತು. ನೀ ಸರ್ ಮಾರಿ ನೋಡಿದಿ.”

ತುಳಸಿ ಬಸ್ಸಿನವರೆಗೂ ಬಂದಳು, ಕಿಟಕಿಯ ಸೀಟು ಹಿಡಿದುಕೊಟ್ಟಳು, ಅಪ್ಪಾಜಿಗೆ ಕೇಳಿದೆ ಎಂದು ಹೇಳು ಎಂದಳು. ಮತ್ತೆ ಬಾ ಎಂದು ಮಾತ್ರ ಹೇಳಲಿಲ್ಲ.

ದಾರಿಯುದ್ದಕ್ಕೂ ಶಾಂಭವಿ ಒಂದೇ ಮಾತನ್ನು ಮನಸ್ಸಿನಲ್ಲಿ ಸರಿಮಾಡಿಕೊಳ್ಳುತ್ತಿದ್ದಳು. ಲ್ಯಾಬಿನವರಿಗೆ ಹೇಳದಿದ್ದರೂ ಸರಿ, ಅಪ್ಪನಿಗಾದರೂ ಹೇಳಲೇಬೇಕು. ನಿಮ್ಮ ತಪ್ಪಲ್ಲ, ನಾನು ಹೇಳದೇ ಹೋದದ್ದು ತಪ್ಪು ಎಂದು ಹೇಳಬೇಕು. ಬೇರೆ ಏನಾಗದಿದ್ದರೂ, ಆ ಹುಡುಗಿ ಕೆಲಸಗೇಡಿಯಲ್ಲ ಎಂಬುದು ಒಬ್ಬರಿಗಾದರೂ ತಿಳಿಯಬೇಕು. ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗಲೂ, ಕಮಲಾಪುರ ದಾಟುವಾಗಲೂ ಅದೇ ಮಾತು. ಕಂಪ್ಲಿಯಲ್ಲಿ ಇಳಿಯುವಾಗ ಗಟ್ಟಿಯಾಗಿದ್ದಳು.

ಜಡೆಪ್ಪ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ತುಳಸಿಯ ಹತ್ತಿರ ಎಂದಳು. ಅವರ ಮುಖ ಅರಳಿತು. ಪಕ್ಕದಲ್ಲಿ ಕೂರಿಸಿಕೊಂಡು, ಆಕೆ ಎಲ್ಲಿದ್ದಾಳೆ, ಏನು ಮಾಡುತ್ತಾಳೆ ಎಂದು ಕೇಳಿದರು. ವೇ ಬ್ರಿಡ್ಜಿನ ವಿಷಯ ಕೇಳಿ ಲೊಚಗುಟ್ಟಿದರು. ಅಪ್ಪಾ, ಒಂದು ಮಾತು ಹೇಳಬೇಕು ಎಂದು ಶಾಂಭವಿ ಶುರುಮಾಡಿದಳು. ಅವರು ಆಕೆಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, ನನಗೆ ಗೊತ್ತಿದೆ ಎನ್ನುವ ಹಾಗೆ ತಲೆಯಾಡಿಸಿದರು.

“ನೀ ಹೋಗಿ ಮಾತಾಡಿಸಿದ್ದು ಭಾಳ ಚಲೋ ಮಾಡಿದಿ. ಸಣ್ಣ ಹುಡುಗಿ, ಏನೋ ಒಂದು ಮರೆತಾಳ. ಹೊಟ್ಟ್ಯಾಗ ಹಾಕ್ಕೊಂಡುಬಿಡವ್ವಾ. ಈ ಸಲ ಪೂಜಿಗೆ ಆಕೀನ್ನೂ ಕರಿ, ಆಕಿ ಸಾಮಾನಿಗೂ ನಾನೇ ಕೈಯಾರೆ ವಿಭೂತಿ ಹಚ್ಚಿಕೊಡ್ತೀನಿ.”

ಅವರ ಉಂಗುರ ಬೆರಳಿನಲ್ಲಿ ಬೆಳಗಿನ ವಿಭೂತಿ ಇನ್ನೂ ಅಂಟಿಕೊಂಡಿತ್ತು. ಶಾಂಭವಿ ಅದನ್ನೇ ನೋಡಿದಳು.

“ಹೂಂ ಅಪ್ಪಾ” ಎಂದಳು, “ಕರೀತೀನಿ.”